ಮಳೆಗಾಲದ ಮೈದಾನ: ಅಳ್ನಾವರದ ಕೆಮ್ಮಣ್ಣು, ನವಲಗುಂದದ ಎರೆ

ಧಾರವಾಡ ಜಿಲ್ಲೆಯ ಶಾಲೆಗಳಲ್ಲಿ ಆಟದ ಹಂಗಾಮು ಶುರುವಾಗುವುದು ಮಳೆಯ ಜೊತೆಗೇ. ಮೇ ಕೊನೆಗೆ ಶಾಲೆ ತೆರೆಯುತ್ತದೆ. ಆರಿದ್ರಾ, ಪುನರ್ವಸು ಮಳೆಗಳು ಹಿಡಿದು ಸುರಿಯುವ ಹೊತ್ತಿಗೆ ಕಬಡ್ಡಿ, ಕೊಕ್ಕೊ ತಂಡಗಳ ಆಯ್ಕೆ ನಡೆದಿರುತ್ತದೆ. ವಲಯ ಮತ್ತು ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ಹೆಚ್ಚಾಗಿ ಬೀಳುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಹೀಗಾಗಿ ಈ ಭಾಗದ ಮಕ್ಕಳು ವರ್ಷದ ಮುಖ್ಯ ಪಂದ್ಯಗಳನ್ನು ಆಡುವುದು ಹಸಿ ನೆಲದ ಮೇಲೆ.

ಹವಾಮಾನಕ್ಕೆ ಜಗ್ಗದೆ ಆಡುವ ಪದ್ಧತಿ ನಮ್ಮದೊಂದೇ ಅಲ್ಲ. ಅಮೆರಿಕನ್ ಫುಟ್‌ಬಾಲ್ ಮಳೆಗೂ ನಿಲ್ಲುವುದಿಲ್ಲ, ಹಿಮಕ್ಕೂ ನಿಲ್ಲುವುದಿಲ್ಲ. ಮಿಂಚು ಹೊಡೆದರೆ ಮಾತ್ರ ನಿಲ್ಲುತ್ತದೆ. ಅಲ್ಲಿ ಹಿಮ ಮಾಡುವ ಕೆಲಸವನ್ನು ಇಲ್ಲಿ ರಾಡಿ ಮಾಡುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಹಿಮ ಎಲ್ಲಿ ಬಿದ್ದರೂ ಹಿಮವೇ. ರಾಡಿ ಹಾಗಲ್ಲ. ಅಳ್ನಾವರದ ರಾಡಿಗೂ ನವಲಗುಂದದ ರಾಡಿಗೂ ಅಜಗಜಾಂತರ. ಮೈದಾನವನ್ನು ಕೆಡಿಸುವುದು ಮಳೆಯೋ ಮಣ್ಣೋ ಎಂದು ಕೇಳಿದರೆ, ಈ ಜಿಲ್ಲೆಯ ಮಟ್ಟಿಗೆ ಉತ್ತರ ತಾಲ್ಲೂಕಿಗೊಂದು.

ಒಂದೇ ಜಿಲ್ಲೆಯೊಳಗೆ ಮೂರು ಸೀಮೆ

ಕೃಷಿ ಇಲಾಖೆಯವರು ಕರ್ನಾಟಕವನ್ನು 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿದ್ದಾರೆ. ಅದರಲ್ಲಿ ಮೂರು ವಲಯಗಳು ಧಾರವಾಡ ಜಿಲ್ಲೆಯೊಳಗೇ ಸಿಗುತ್ತವೆ. ಕಲಘಟಗಿ ಗುಡ್ಡಗಾಡು ವಲಯಕ್ಕೆ ಸೇರಿದೆ. ಪಕ್ಕದ ಹಳಿಯಾಳ, ಖಾನಾಪುರಗಳೂ ಅದೇ ಪಟ್ಟಿಯಲ್ಲಿವೆ. ಧಾರವಾಡ, ಹುಬ್ಬಳ್ಳಿ, ಕುಂದಗೋಳ ಉತ್ತರ ಪರಿವರ್ತನಾ ವಲಯದಲ್ಲಿವೆ. ನವಲಗುಂದ ಉತ್ತರದ ಒಣ ವಲಯಕ್ಕೆ ಹೋಗುತ್ತದೆ. ಊರವರು ಇದನ್ನೇ ಮಲ್ಲಾಡ, ಬೆಳವಲ ಎಂದು ಎರಡು ಮಾತಿನಲ್ಲಿ ಮುಗಿಸುತ್ತಾರೆ.

ಅಳ್ನಾವರ 2018ರವರೆಗೆ ಧಾರವಾಡ ತಾಲ್ಲೂಕಿನ ಒಂದು ಪಟ್ಟಣ, ಈಗ ತಾನೇ ಒಂದು ತಾಲ್ಲೂಕು. ಹುಬ್ಬಳ್ಳಿಯಿಂದ ಲೋಂಡಾಕ್ಕೆ ಹೋಗುವ ರೈಲುಮಾರ್ಗದಲ್ಲಿ ದಾಂಡೇಲಿಯ ಕವಲು ಒಡೆಯುವ ಜಂಕ್ಷನ್ ಇದು. ಇಲ್ಲಿಂದ ಪಶ್ಚಿಮಕ್ಕೆ ಕಾಡು ದಟ್ಟವಾಗುತ್ತ ಹೋಗುತ್ತದೆ. ಅರಬ್ಬಿ ಸಮುದ್ರದಿಂದ ಬರುವ ಮೋಡ ಸಹ್ಯಾದ್ರಿ ಹತ್ತುವಾಗಲೇ ಬಹುಪಾಲು ನೀರನ್ನು ಇಳಿಸಿಬಿಡುತ್ತದೆ. ಘಟ್ಟದ ಬೆನ್ನಿಗಿರುವ ಅಳ್ನಾವರ, ಕಲಘಟಗಿಗಳಿಗೆ ಉಳಿದದ್ದರಲ್ಲಿ ಒಳ್ಳೆಯ ಪಾಲು ಸಿಗುತ್ತದೆ. ಪೂರ್ವಕ್ಕೆ ಹೋದಂತೆ ಮಳೆ ತೆಳುವಾಗಿ, ಅಣ್ಣಿಗೇರಿ, ನವಲಗುಂದ ಮುಟ್ಟುವಷ್ಟರಲ್ಲಿ ಮುಂಗಾರಿನ ಕಸುವು ಕುಗ್ಗಿರುತ್ತದೆ. ಅಲ್ಲಿಯ ರೈತ ಹಿಂಗಾರಿನ ಜೋಳ, ಕಡಲೆಗೆ ಹೆಚ್ಚು ನೆಚ್ಚಿಕೊಂಡಿರುವುದು ಇದೇ ಕಾರಣಕ್ಕೆ.

ಮಳೆಯ ಪ್ರಮಾಣದಷ್ಟೇ ಅದರ ರೀತಿಯೂ ಬೇರೆ. ಜುಲೈನಲ್ಲಿ ಅಳ್ನಾವರದ ಮಳೆ ಜಿಟಿಜಿಟಿ ಎಂದು ದಿನಗಟ್ಟಲೆ ಹಿಡಿಯುತ್ತದೆ. ಬಿಸಿಲು ಬಿದ್ದು ನೆಲ ಆರಲು ಎಡೆಯೇ ಸಿಗುವುದಿಲ್ಲ. ನವಲಗುಂದದಲ್ಲಿ ಸಂಜೆ ಒಂದು ತಾಸು ದಬದಬ ಸುರಿದು, ಆಮೇಲೆ ವಾರಗಟ್ಟಲೆ ವರಪು ಬೀಳಬಹುದು. ಇಷ್ಟೇ ಆಗಿದ್ದರೆ ನವಲಗುಂದದ ಮೈದಾನಗಳು ಮಳೆಗಾಲದಲ್ಲೂ ಬೇಗ ಆಟಕ್ಕೆ ಸಿಗಬೇಕಿತ್ತು. ಹಾಗಾಗುವುದಿಲ್ಲ.

ನೆಲದೊಳಗೆ ನೀರು ಮಾಡುವ ಕೆಲಸ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಬಹುಭಾಗ ಎರೆಭೂಮಿ. ಎರೆಮಣ್ಣಿನಲ್ಲಿ ಜೇಡಿಯ ಅಂಶ ನೂರಕ್ಕೆ 30ಕ್ಕೂ ಹೆಚ್ಚು, ಎಷ್ಟೋ ಕಡೆ ಅರ್ಧದಷ್ಟು. ಆ ಜೇಡಿಯಲ್ಲಿ ಮುಖ್ಯವಾದದ್ದು ಮಾಂಟ್‌ಮೊರಿಲೊನೈಟ್ ಗುಂಪಿನ ಖನಿಜ. ಇದರ ಕಣ ತೆಳುವಾದ ಹಾಳೆಗಳ ಅಟ್ಟಿ. ನೀರು ಹಾಳೆಗಳ ನಡುವೆಯೇ ನುಗ್ಗಿ ಅವನ್ನು ದೂರ ತಳ್ಳುತ್ತದೆ, ಮಣ್ಣು ಉಬ್ಬುತ್ತದೆ. ಒಣಗಿದಾಗ ಹಾಳೆಗಳು ಮತ್ತೆ ಹತ್ತಿರ ಬಂದು ನೆಲ ಕುಗ್ಗುತ್ತದೆ, ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆಹೊಲದ ಬಿರುಕಿಗೆ ಬಾರುಕೋಲು ಇಳಿಬಿಟ್ಟರೆ ತಳ ಸಿಗದು ಎನ್ನುವ ಮಾತು ಸ್ವಲ್ಪ ಉತ್ಪ್ರೇಕ್ಷೆ ಇದ್ದರೂ ಸುಳ್ಳಲ್ಲ.

ಮೃಗಶಿರದ ಮೊದಲ ಮಳೆ ಈ ಬಿರುಕುಗಳಿಗೆ ಇಳಿದು ಮಾಯವಾಗುತ್ತದೆ. ಮೈದಾನ ನೀರು ಕುಡಿಯುವುದನ್ನು ನೋಡಿದವರಿಗೆ ಎಷ್ಟು ಬಂದರೂ ತಡೆಯುತ್ತದೆ ಅನ್ನಿಸಬೇಕು. ಎರಡು ಮಳೆಗೆ ಬಿರುಕು ಕೂಡಿಕೊಳ್ಳುತ್ತದೆ. ಆಮೇಲೆ ನೀರಿಗೆ ಇಳಿಯಲು ದಾರಿಯೇ ಇಲ್ಲ. ಮೇಲೆ ನಿಂತ ನೀರು ಬಿಸಿಲಿಗೆ ಆರಬೇಕು, ಇಲ್ಲವೇ ಇಳಿಜಾರಿನಲ್ಲಿ ಹರಿದು ಹೋಗಬೇಕು. ಬೆಳವಲವೋ ಸಪಾಟು ಬಯಲು, ಹರಿಯುವುದೆಲ್ಲಿಗೆ? ಒಂದು ತಾಸಿನ ಮಳೆಗೆ ನಾಲ್ಕಾರು ದಿನ ಮೈದಾನ ಕೈಬಿಡುವುದು ಹೀಗೆ. ಮೇಲಿನ ಪದರ ಒಣಗಿ ಹಪ್ಪಳಗಟ್ಟಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಓಡುವವನ ಹಿಮ್ಮಡಿ ಒತ್ತಿದ ಕೂಡಲೇ ಒಡೆದು ಕಾಲು ಜಾರುತ್ತದೆ.

ಇನ್ನೊಂದು ತಾಪತ್ರಯವೂ ಇದೆ. ಬೆಣ್ಣೆಹಳ್ಳ ಶಿಗ್ಗಾವಿ ಕಡೆ ಹುಟ್ಟಿ, ಕುಂದಗೋಳ, ಹುಬ್ಬಳ್ಳಿ ತಾಲ್ಲೂಕುಗಳನ್ನು ದಾಟಿ ನವಲಗುಂದದ ಬಯಲಿಗೆ ಬಂದು, ಮುಂದೆ ಮಲಪ್ರಭೆಯನ್ನು ಸೇರುತ್ತದೆ. ಮೇಲಿನ ಸೀಮೆಯಲ್ಲಿ ಮಳೆಯಾದರೆ, ನವಲಗುಂದದಲ್ಲಿ ಹನಿ ಬೀಳದಿದ್ದರೂ ಹಳ್ಳ ಉಕ್ಕಿ ದಂಡೆಯ ಊರುಗಳ ಹೊಲಕ್ಕೂ ಬಯಲಿಗೂ ನುಗ್ಗುತ್ತದೆ. ತುಪ್ಪರಿಹಳ್ಳದ ಕಥೆಯೂ ಇದೇ. ಹೆಸರು ಬೆಣ್ಣೆ, ತುಪ್ಪ. ಬಿಟ್ಟುಹೋಗುವುದು ಮಾತ್ರ ಮೊಳಕಾಲುದ್ದ ರಾಡಿ.

ಅಳ್ನಾವರದ ಕಡೆ ಮಣ್ಣು ಕೆಂಪು, ಎಷ್ಟೋ ಕಡೆ ಜಂಬಿಟ್ಟಿಗೆಯ ಗರಸು ಬೆರೆತದ್ದು. ಇದರಲ್ಲಿಯ ಜೇಡಿ ಹೆಚ್ಚಾಗಿ ಕೆಯೊಲಿನೈಟ್. ಅದರ ಪದರಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುವುದರಿಂದ ನೀರು ನಡುವೆ ನುಗ್ಗಲಾರದು, ಮಣ್ಣು ಉಬ್ಬುವುದಿಲ್ಲ. ಕಬ್ಬಿಣದ ಆಕ್ಸೈಡು ಕಣಗಳನ್ನು ಬೆಸೆದು ಹರಳು ಹರಳಾಗಿಸುತ್ತದೆ. ಹರಳುಗಳ ಸಂದಿಯಲ್ಲಿ ನೀರು ಇಳಿದು ಹೋಗುತ್ತದೆ. ಬೆಳಿಗ್ಗೆ ಮಳೆ ನಿಂತರೆ ಮಧ್ಯಾಹ್ನಕ್ಕೆ ಆಡಬಹುದು. ತೊಂದರೆ ಏನೆಂದರೆ ಮಳೆ ನಿಲ್ಲಬೇಕು! ನಿಲ್ಲದ ಕಡೆ ನೆಲದ ಮೇಲೆ ಹಸಿರು ಪಾಚಿ ಕಟ್ಟುತ್ತದೆ. ಸಿಮೆಂಟ್ ಹಾಕಿದ ವಾಲಿಬಾಲ್ ಅಂಕಣ, ಧ್ವಜಕಟ್ಟೆ, ಮೆಟ್ಟಿಲುಗಳ ಮೇಲೆ ಆ ಪಾಚಿ ರಾಡಿಗಿಂತ ಅಪಾಯಕಾರಿ. ರಾಡಿಯಲ್ಲಿ ಬಿದ್ದವನಿಗೆ ಮೈ ಕೊಳೆಯಾಗುತ್ತದೆ, ಪಾಚಿಯ ಮೇಲೆ ಬಿದ್ದವನಿಗೆ ಮೊಣಕೈ ಮುರಿಯುತ್ತದೆ. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕವೆಲ್ಲ ನೆರೆಯಲ್ಲಿ ನಲುಗಿದಾಗ ಅಳ್ನಾವರದಲ್ಲಿ ಡೌಗಿ ನಾಲಾ ಉಕ್ಕಿತ್ತು. ಆದರೆ ಅಂಥ ವರ್ಷಗಳು ಅಪರೂಪ. ಇಲ್ಲಿ ಆಟವನ್ನು ನಿತ್ಯ ತಿನ್ನುವುದು ಸಣ್ಣ ಮಳೆ.

ಒಟ್ಟಿನಲ್ಲಿ ಅಳ್ನಾವರದ ಆಟಗಾರ ಮಳೆ ಬೀಳುತ್ತಿರುವಷ್ಟು ಹೊತ್ತು ಕಳೆದುಕೊಳ್ಳುತ್ತಾನೆ, ನವಲಗುಂದದವನು ಮಳೆ ನಿಂತ ಮೇಲೆ ಕಳೆದುಕೊಳ್ಳುತ್ತಾನೆ.

ಕಬಡ್ಡಿ: ಮುಟ್ಟುವವನಿಗೆ ಲಾಭ, ಮರಳುವವನಿಗೆ ನಷ್ಟ

ಹಸಿ ನೆಲದಲ್ಲಿ ಮೊದಲು ಹೋಗುವುದು ಗೆರೆ. ಗಂಡಸರ ಕಬಡ್ಡಿ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ನಡುಗೆರೆಯಿಂದ 3.75 ಮೀಟರ್ ದೂರದಲ್ಲಿ ಬಾಕ್ ಗೆರೆ, ಅಲ್ಲಿಂದ ಇನ್ನೊಂದು ಮೀಟರ್ ಆಚೆ ಬೋನಸ್ ಗೆರೆ. ಸುಣ್ಣದ ಪುಡಿಯಲ್ಲಿ ಎಳೆದ ಈ ಗೆರೆಗಳು ಒಂದು ಸಣ್ಣ ಮಳೆಗೆ ಅಳಿಸಿ ಹೋಗುತ್ತವೆ. ಮಳೆ ಬರದಿದ್ದರೂ ಹತ್ತು ದಾಳಿಯಲ್ಲಿ ಕಾಲ್ತುಳಿತಕ್ಕೆ ರಾಡಿಯೊಳಗೆ ಕಲಸಿಹೋಗುತ್ತವೆ. ಬೋನಸ್ ದಾಟಿದನೇ, ಅಂಚಿನ ಆಚೆ ಕಾಲಿಟ್ಟನೇ ಎಂಬ ಜಗಳಗಳಲ್ಲಿ ಅರ್ಧ ಹುಟ್ಟುವುದು ಇಲ್ಲಿಂದ. ಅನುಭವ ಇರುವ ದೈಹಿಕ ಶಿಕ್ಷಕರು ಸುಣ್ಣ ಬಿಟ್ಟು ಹಗ್ಗ ಅಥವಾ ನವಾರಿನ ಪಟ್ಟಿಯನ್ನು ಗೂಟ ಹೊಡೆದು ಬಿಗಿಯುತ್ತಾರೆ.

ಎರಡನೆಯದು ಕಾಲಿನ ಹಿಡಿತ. ದಾಳಿಗಾರ ಒಳನುಗ್ಗುವಾಗ ಯಾವ ಕಡೆ ತಿರುಗಬೇಕು, ಯಾವಾಗ ಕಾಲು ಚಾಚಬೇಕು ಎಂಬುದು ಅವನ ತಲೆಯಲ್ಲಿ ಮೊದಲೇ ಇರುತ್ತದೆ. ರಕ್ಷಕರು ಅವನ ಚಲನೆ ನೋಡಿ ಆಮೇಲೆ ಕಾಲು ಎತ್ತಬೇಕು. ಒಣ ನೆಲದಲ್ಲಿ ಈ ತಡ ಕಣ್ಣಿಗೆ ಕಾಣದಷ್ಟು ಸಣ್ಣದು. ರಾಡಿಯಲ್ಲಿ ಹೆಜ್ಜೆ ಬದಲಿಸಲು ಹೋದ ರಕ್ಷಕ ಜಾರಿ, ಅದು ಅರ್ಧ ಕ್ಷಣಕ್ಕೆ ಹಿಗ್ಗುತ್ತದೆ. ಹೀಗಾಗಿ ಮುಟ್ಟುವುದು ಸುಲಭ. ಆದರೆ ಮುಟ್ಟಿದ ಮೇಲೆ ದಾಳಿಗಾರ ಗರ್ರನೆ ತಿರುಗಿ ನಡುಗೆರೆಗೆ ಜಿಗಿಯಬೇಕಲ್ಲ, ಆಗ ಅದೇ ರಾಡಿ ಅವನ ಕಾಲನ್ನು ಹಿಡಿಯುತ್ತದೆ. ಒಣ ಅಂಕಣದಲ್ಲಿ ಒಂದೇ ಜಿಗಿತಕ್ಕೆ ಮುಗಿಯುತ್ತಿದ್ದ ವಾಪಸಾತಿ ಇಲ್ಲಿ ಮೂರು ಹೆಜ್ಜೆಯ ಪರದಾಟ. ಅಷ್ಟರಲ್ಲಿ ಇಡೀ ತಂಡ ಮೇಲೆ ಬಿದ್ದಿರುತ್ತದೆ.

ಮೂರನೆಯದು ಕೈ ಹಿಡಿತ. ಕೆಸರು ಮೆತ್ತಿದ ಪಾದ, ಮಣಿಕಟ್ಟು ಕೈಗೆ ನಿಲ್ಲುವುದಿಲ್ಲ. ಪಾದ ಹಿಡಿಯುವ ಜಾಣ್ಮೆಗಿಂತ ತೊಡೆ, ಸೊಂಟಕ್ಕೆ ತೆಕ್ಕೆ ಹಾಕುವ ಬಲ ಗೆಲ್ಲುತ್ತದೆ. ಕೈಕೈ ಹಿಡಿದು ಕಟ್ಟಿದ ಸರಪಳಿಯೂ ಜಾರುತ್ತದೆ. ಇದರಿಂದ ಹಸಿ ಅಂಕಣದ ಕಬಡ್ಡಿ ಮೈಭಾರದ ಆಟವಾಗುತ್ತದೆ. ಚುರುಕು ಹುಡುಗರ ತಂಡ ಗಟ್ಟಿ ಹುಡುಗರ ತಂಡಕ್ಕೆ ಮಳೆಯ ದಿನ ಸೋತರೆ, ಅದು ಆ ದಿನದ ನೆಲದ ಫಲಿತಾಂಶ. ತಂಡದ ಯೋಗ್ಯತೆಯನ್ನು ಅದರಿಂದ ಅಳೆಯಲು ಬರುವುದಿಲ್ಲ. ಆದರೆ ಜಿಲ್ಲಾ ಮಟ್ಟಕ್ಕೆ ಹೋಗುವುದು ಗೆದ್ದ ತಂಡವೇ, ಮತ್ತು ಮೇಲಿನ ಹಂತದ ಪಂದ್ಯಗಳು ಚಾಪೆಯ ಮೇಲೆ ನಡೆಯುತ್ತವೆ. ರಾಡಿಯಲ್ಲಿ ಆಯ್ಕೆ ಮಾಡಿ ಚಾಪೆಗೆ ಕಳಿಸುವ ಈ ಪದ್ಧತಿ ಎಷ್ಟು ಸರಿ ಎಂದು ಯಾರಾದರೂ ಕೇಳಬೇಕು.

ಉಳಿದ ಆಟಗಳು

ಕೊಕ್ಕೊದಲ್ಲಿ ಬೆನ್ನಟ್ಟುವವನು ಹಿಂದಕ್ಕೆ ತಿರುಗುವಂತಿಲ್ಲ, ಓಡುವವನು ಬೇಕಾದತ್ತ ನುಸುಳಬಹುದು. ಹಸಿ ನೆಲ ಈ ಅಸಮತೆಯನ್ನು ಇನ್ನೂ ಹೆಚ್ಚಿಸುತ್ತದೆ, ಓಡುವವನಿಗೇ ಅನುಕೂಲ. ಕಂಬದ ಬುಡದಲ್ಲಿ ಎಲ್ಲರೂ ತಿರುಗುವುದರಿಂದ ಅಲ್ಲಿ ಮೊದಲು ಗುಂಡಿ ಬೀಳುತ್ತದೆ. ನೀರು ನಿಲ್ಲುವುದೂ ಅಲ್ಲಿಯೇ. ಕಂಬಕ್ಕೆ ಆತು ತಿರುಗುವ ಕೈ ಒದ್ದೆ ಕಂಬದ ಮೇಲೆ ಜಾರುತ್ತದೆ. ಹಾರಿ ಮುಟ್ಟುವವರಿಗೆ ಮಾತ್ರ ಮೆತ್ತನೆಯ ನೆಲ ಸ್ವಲ್ಪ ಧೈರ್ಯ ಕೊಡುತ್ತದೆ.

ಚೆಂಡಿನ ಆಟಗಳಲ್ಲಿ ಚೆಂಡೇ ಬದಲಾಗುತ್ತದೆ. ವಾಲಿಬಾಲ್ ಚೆಂಡಿನ ತೂಕ 260ರಿಂದ 280 ಗ್ರಾಂ ಇರಬೇಕೆಂಬುದು ನಿಯಮ. ಹೊಲಿಗೆಯ ಹಳೆಯ ತೊಗಲಿನ ಚೆಂಡು ನೀರು ಹೀರಿದರೆ ಆ ಲೆಕ್ಕ ತಪ್ಪುತ್ತದೆ, ಬೆರಳಿನಿಂದ ಎತ್ತಿಕೊಡುವವನಿಗೆ ಅದು ಕೂಡಲೇ ಗೊತ್ತಾಗುತ್ತದೆ. ಹಳ್ಳಿಯ ಕ್ರಿಕೆಟ್‌ಗೆ ಬಳಸುವ ಟೆನಿಸ್ ಚೆಂಡಿನ ತೂಕ 60 ಗ್ರಾಮಿಗೂ ಕಡಿಮೆ. ಮೈಮೇಲಿನ ರೋಮದ ಬಟ್ಟೆ ಒದ್ದೆಯಾದರೆ ಬಲು ಬೇಗ ಭಾರವಾಗುತ್ತದೆ, ಪುಟಿಯುವುದು ಇಳಿಯುತ್ತದೆ, ಬ್ಯಾಟಿನ ನಡುವಿಗೇ ಬಿದ್ದರೂ ದೂರ ಹೋಗುವುದಿಲ್ಲ.

ಓಟದಲ್ಲಿ ಎರೆಮಣ್ಣಿನ ಗುಣವೇ ಬೇರೆ. ಬರಿಗಾಲಿಗೂ ಬೂಟಿಗೂ ಅದು ಅಂಟುತ್ತ ಹೋಗಿ, 400 ಮೀಟರ್ ಮುಗಿಯುವಷ್ಟರಲ್ಲಿ ಓಟಗಾರರು ಪ್ರತಿ ಕಾಲಿಗೆ ಒಂದು ಮುದ್ದೆ ಮಣ್ಣು ಹೊತ್ತಿರುತ್ತಾರೆ. ಕೆಮ್ಮಣ್ಣಿನಲ್ಲಿ ಓಡಿದವರ ಕಾಲು ಕೆಂಪಾಗುತ್ತದೆ, ಭಾರವಾಗುವುದಿಲ್ಲ. ಆದ್ದರಿಂದ ಎರಡು ತಾಲ್ಲೂಕುಗಳ ಮಳೆಗಾಲದ ಓಟದ ಸಮಯಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದರಲ್ಲಿ ಅರ್ಥವಿಲ್ಲ. ಎತ್ತುಗಳ ಖಾಲಿ ಗಾಡಾ ಶರ್ಯತ್ತಿಗೂ ಇದೇ ಮಾತು ಅನ್ವಯ. ಗಾಲಿ ಹೂಳುವ ನೆಲದಲ್ಲಿ ಎತ್ತಿನ ಓಟ ಪರೀಕ್ಷೆಯಾಗುವುದಿಲ್ಲ, ಹೆಗಲು ಪರೀಕ್ಷೆಯಾಗುತ್ತದೆ.

ಪೆಟ್ಟುಗಳ ಬಗ್ಗೆ ಒಂದು ಮಾತು. ರಾಡಿ ಮೆತ್ತಗಿರುವುದರಿಂದ ಬಿದ್ದರೆ ತರಚುವುದು ಕಡಿಮೆ. ಆದರೆ ಕಾಲು ಅಗಲವಾಗಿ ಜಾರಿ ತೊಡೆಸಂದಿಯ ಸ್ನಾಯು ಸೆಳೆಯುವುದು, ಹೂತ ಪಾದ ಅಲ್ಲೇ ಉಳಿದು ಮೈ ತಿರುಗಿ ಮೊಣಕಾಲು ಉಳುಕುವುದು ಹಸಿ ನೆಲದ ಪೆಟ್ಟುಗಳು. ಎರೆಭೂಮಿಯಲ್ಲಿ ಬೇಸಿಗೆಯ ಬಿರುಕುಗಳೂ ಕಾಲುಗಂಟಿಗೆ ಕಾದಿರುತ್ತವೆ.

ಹಿಮದೊಳಗಿನ ಫುಟ್‌ಬಾಲ್

ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಸೆಪ್ಟೆಂಬರ್‌ನಲ್ಲಿ ಶುರುವಾಗಿ ಚಳಿಗಾಲದ ನಡುವಿಗೆ ಮುಗಿಯುತ್ತದೆ. ಬಫಲೊ, ಗ್ರೀನ್ ಬೇ, ಶಿಕಾಗೊದಂಥ ಊರುಗಳಲ್ಲಿ ಡಿಸೆಂಬರ್, ಜನವರಿಯ ಪಂದ್ಯ ಎಂದರೆ ಹಿಮದ ಸಾಧ್ಯತೆ ಇದ್ದೇ ಇದೆ. ಅಂಡಾಕಾರದ ತೊಗಲಿನ ಚೆಂಡು ಚಳಿಗೆ ಗಡಸಾಗುತ್ತದೆ, ಒಳಗಿನ ಗಾಳಿಯ ಒತ್ತಡ ಇಳಿಯುತ್ತದೆ. ಒದ್ದರೆ ಮೊದಲಿನಷ್ಟು ದೂರ ಹೋಗುವುದಿಲ್ಲ, ಮರಗಟ್ಟಿದ ಬೆರಳಿಗೆ ಹಿಡಿಯಲು ಬರುವುದಿಲ್ಲ. ದೂರಕ್ಕೆ ಎಸೆಯುವ ಆಟ ಕಡಿಮೆಯಾಗಿ, ಚೆಂಡು ಅಪ್ಪಿಕೊಂಡು ಗುಂಪಿನೊಳಗೆ ನುಗ್ಗುವ ಆಟ ಹೆಚ್ಚುತ್ತದೆ. ಅಲ್ಲಿಯೂ ಮೊದಲು ಮಾಯವಾಗುವುದು ಗೆರೆಗಳೇ. ಪೊರಕೆ, ಯಂತ್ರ ಹಿಡಿದ ಕೆಲಸಗಾರರು ಗೆರೆಯ ಮೇಲಿನ ಹಿಮವನ್ನು ಗುಡಿಸುತ್ತಿರಬೇಕಾಗುತ್ತದೆ.

ಆ ಗುಡಿಸುವ ಯಂತ್ರ ಒಮ್ಮೆ ಪಂದ್ಯವನ್ನೇ ಗೆಲ್ಲಿಸಿತು. 1982ರ ಡಿಸೆಂಬರ್ 12ರಂದು ಫಾಕ್ಸ್‌ಬರೊದಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಮತ್ತು ಮಯಾಮಿ ಡಾಲ್ಫಿನ್ಸ್ ಪಂದ್ಯ ಕೊನೆಯ ಭಾಗದವರೆಗೂ ಸೊನ್ನೆ ಸೊನ್ನೆ. ಪೇಟ್ರಿಯಟ್ಸ್ ತಂಡದ ಜಾನ್ ಸ್ಮಿತ್ ಚೆಂಡು ಒದೆಯಲು ಸಿದ್ಧನಾದಾಗ, ಗೆರೆ ಗುಡಿಸುತ್ತಿದ್ದ ಟ್ರ್ಯಾಕ್ಟರ್ ಚಾಲಕ ಮಾರ್ಕ್ ಹೆಂಡರ್ಸನ್ ಯಂತ್ರವನ್ನು ಸ್ವಲ್ಪ ಓರೆ ಮಾಡಿ ಚೆಂಡು ಇಡುವ ಜಾಗವನ್ನೂ ಗುಡಿಸಿಬಿಟ್ಟ. ಸ್ವಚ್ಛವಾದ ನೆಲದಿಂದ ಒದ್ದ ಚೆಂಡು ಗುರಿ ಮುಟ್ಟಿ ಪಂದ್ಯ 3–0 ಆಯಿತು. ಹೆಂಡರ್ಸನ್ ಜೈಲಿನಿಂದ ದಿನಗೆಲಸಕ್ಕೆ ಬಂದಿದ್ದ ಕೈದಿ. ಮಯಾಮಿಯ ತರಬೇತುದಾರ ಡಾನ್ ಶೂಲಾ ಎಷ್ಟು ಕೂಗಾಡಿದರೂ ಫಲಿತಾಂಶ ಬದಲಾಗಲಿಲ್ಲ, ಏಕೆಂದರೆ ಹಾಗೆ ಮಾಡಬಾರದೆಂದು ಅಲ್ಲಿಯವರೆಗೆ ಯಾರೂ ನಿಯಮ ಬರೆದಿರಲಿಲ್ಲ.

ಹೊದಿಸಿದ್ದೇ ತೊಡಕಾದಾಗ

ಮಳೆ, ಹಿಮದಿಂದ ನೆಲ ಕಾಯಲು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ತಾಡಪತ್ರಿ. ಅದು ಮೇಲಿನ ನೀರನ್ನು ತಡೆಯುತ್ತದೆ, ನಿಜ. ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ.

1967ರ ಡಿಸೆಂಬರ್ 31ರಂದು ಗ್ರೀನ್ ಬೇಯ ಲ್ಯಾಂಬೊ ಫೀಲ್ಡ್‌ನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ಮತ್ತು ಡಲ್ಲಾಸ್ ಕೌಬಾಯ್ಸ್ ಲೀಗ್ ಪ್ರಶಸ್ತಿಗೆ ಸೆಣಸಿದಾಗ ಉಷ್ಣಾಂಶ ಸೊನ್ನೆಗಿಂತ ಸುಮಾರು 25 ಡಿಗ್ರಿ ಸೆಲ್ಸಿಯಸ್ ಕೆಳಗಿತ್ತು. ಮೈದಾನ ಹೆಪ್ಪುಗಟ್ಟದಿರಲೆಂದು ಅದೇ ವರ್ಷ ನೆಲದಡಿ ವಿದ್ಯುತ್ ತಂತಿಗಳನ್ನು ಹೂಳಿ ಕಾಯಿಸುವ ವ್ಯವಸ್ಥೆ ಮಾಡಿದ್ದರು, ಮೇಲೆ ತಾಡಪತ್ರಿ ಹೊದಿಸಿದ್ದರು. ಬೆಚ್ಚಗಿನ ನೆಲದ ತೇವ ತಾಡಪತ್ರಿಯ ಕೆಳಗೆ ಕೂಡಿಕೊಂಡಿತ್ತು. ಹೊದಿಕೆ ತೆಗೆದ ಕೂಡಲೇ ಆ ತೇವ ಹೆಪ್ಪುಗಟ್ಟಿ, ಮೈದಾನ ನುಣ್ಣನೆಯ ಮಂಜುಗಡ್ಡೆಯಾಯಿತು. ರೆಫರಿಯ ಲೋಹದ ಸೀಟಿ ತುಟಿಗೆ ಅಂಟಿತು. ಉಳಿದ ಆಟವನ್ನು ಬಾಯಿಯಿಂದ ಕೂಗಿಯೇ ನಡೆಸಿದರು. ಕೊನೆಯ ಕ್ಷಣಗಳಲ್ಲಿ ಗೆಲುವಿಗೆ ಗಜದಷ್ಟು ದೂರ ಉಳಿದಿದ್ದಾಗ, ಚೆಂಡು ಪಡೆದು ಓಡುವವರಿಗೆ ಕಾಲೂರಲು ಆಗುತ್ತಿಲ್ಲವೆಂದು ಕಂಡ ಪ್ಯಾಕರ್ಸ್ ತಂಡದ ಬಾರ್ಟ್ ಸ್ಟಾರ್ ಯಾರಿಗೂ ಕೊಡದೆ ತಾನೇ ನುಗ್ಗಿದ. ಪ್ಯಾಕರ್ಸ್ 21–17ರಿಂದ ಗೆದ್ದರು.

ನಮ್ಮ ಕಡೆಯ ಉದಾಹರಣೆ ಬೆಂಗಳೂರಿನದು. 2015ರ ನವೆಂಬರ್ 14ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ–ದಕ್ಷಿಣ ಆಫ್ರಿಕಾ ಟೆಸ್ಟ್ ಶುರುವಾಯಿತು. ಮೊದಲ ದಿನ ಪ್ರವಾಸಿಗರು 214ಕ್ಕೆ ಆಲೌಟ್, ಭಾರತ ವಿಕೆಟ್ ನಷ್ಟವಿಲ್ಲದೆ 80. ಮುಂದಿನ ನಾಲ್ಕು ದಿನ ಒಂದೇ ಒಂದು ಚೆಂಡು ಎಸೆಯಲಾಗಲಿಲ್ಲ. ಆ ಮೇಲೆ ಮೈದಾನವನ್ನು ಅಗೆದು, ಮರಳಿನ ಹಾಸು ಹಾಕಿ, ಅಡಿಯಲ್ಲಿ ಕೊಳವೆಗಳ ಜಾಲ ಕೂಡಿಸಿ, ಯಂತ್ರದಿಂದ ನೀರನ್ನು ಕೆಳಕ್ಕೆ ಹೀರುವ ಸಬ್‌ಏರ್ ವ್ಯವಸ್ಥೆ ತಂದರು. ಗಾಲ್ಫ್ ಮೈದಾನಗಳಿಗಾಗಿ ಹುಟ್ಟಿದ ಈ ತಂತ್ರ ಕ್ರಿಕೆಟ್ ಅಂಗಳಕ್ಕೆ ಮೊದಲು ಬಂದದ್ದು ಇಲ್ಲಿಗೇ, 2017ರಲ್ಲಿ.

2024ರ ಅಕ್ಟೋಬರ್‌ನಲ್ಲಿ ಅದರ ಶಕ್ತಿಯೂ ಮಿತಿಯೂ ಒಟ್ಟಿಗೆ ಕಂಡವು. ನ್ಯೂಜಿಲೆಂಡ್ ವಿರುದ್ಧದ ಟೆಸ್ಟಿನ ಮೊದಲ ದಿನ, 16ರಂದು, ಟಾಸ್ ಕೂಡ ಆಗದಂತೆ ಮಳೆ ಸುರಿಯಿತು. ಮರುದಿನ ಬೆಳಿಗ್ಗೆ ಹೊರಾಂಗಣ ಆಟಕ್ಕೆ ಸಿದ್ಧ. ಆದರೆ ನಡುವಿನ ಪಿಚ್ ಹೊದಿಕೆಯಡಿ ಇತ್ತು. ಮೋಡ ಮುಸುಕಿದ ಆಕಾಶದ ಕೆಳಗೆ, ತೇವ ಉಳಿದ ಪಿಚ್ ಮೇಲೆ ಟಾಸ್ ಗೆದ್ದ ಭಾರತ ಬ್ಯಾಟಿಂಗ್ ಆಯ್ದುಕೊಂಡು 46ಕ್ಕೆ ಮುಗಿಯಿತು. ಐವರು ಸೊನ್ನೆ. ಮ್ಯಾಟ್ ಹೆನ್ರಿ 15 ರನ್ನಿಗೆ 5, ವಿಲಿಯಂ ಓ’ರೂರ್ಕ್ 22ಕ್ಕೆ 4 ವಿಕೆಟ್ ಪಡೆದರು. ತವರಿನಲ್ಲಿ ಭಾರತದ ಅತಿ ಕಡಿಮೆ ಮೊತ್ತ ಅದು. ಪಿಚ್ಚನ್ನು ತಪ್ಪಾಗಿ ಅಂದಾಜಿಸಿದೆ ಎಂದು ನಾಯಕ ರೋಹಿತ್ ಶರ್ಮಾ ಆ ಸಂಜೆಯೇ ಒಪ್ಪಿಕೊಂಡರು. ನ್ಯೂಜಿಲೆಂಡ್ 8 ವಿಕೆಟ್‌ಗಳಿಂದ ಗೆದ್ದು, 36 ವರ್ಷಗಳ ನಂತರ ಭಾರತದಲ್ಲಿ ಟೆಸ್ಟ್ ಗೆಲುವು ಕಂಡಿತು. ಹೊರಾಂಗಣದ ನೀರನ್ನು ಯಂತ್ರ ಹೀರಬಲ್ಲದು. ಗಟ್ಟಿಯಾಗಿ ರೋಲರ್ ಹೊಡೆದ ಜೇಡಿಪಿಚ್ಚಿನ ತೇವ ಬಿಸಿಲು, ಗಾಳಿ ತಾಗದ ಹೊರತು ಹೋಗದು.

ಹೊದಿಕೆಯಲ್ಲೇ ತೂತಿದ್ದರೆ ಕೇಳುವುದೇ ಬೇಡ. 2020ರ ಜನವರಿಯಲ್ಲಿ ಗುವಾಹಟಿಯ ಭಾರತ–ಶ್ರೀಲಂಕಾ ಟಿ20 ಪಂದ್ಯಕ್ಕೆ ಮುನ್ನ ನೀರು ಸೋರಿ ಪಿಚ್ ಒದ್ದೆಯಾಯಿತು. ಕೂದಲು ಒಣಗಿಸುವ ಯಂತ್ರ, ಇಸ್ತ್ರಿಪೆಟ್ಟಿಗೆ ತಂದು ಒಣಗಿಸಲು ಹೆಣಗಿದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿತು. ಪಂದ್ಯ ರದ್ದಾಯಿತು.

ರೈತನಿಗೆ ಕಾಲಿಗಂಟುವ ಎರೆಮಣ್ಣೇ ಪಿಚ್ ಮಾಡುವವನಿಗೆ ಬೇಕಾದ ಸರಕು ಎಂಬುದು ಇಲ್ಲಿಯ ಸೋಜಿಗ. ಜೇಡಿ ಹೆಚ್ಚಿದ್ದರೆ ಮಾತ್ರ ಪಿಚ್ ಕಲ್ಲಿನಂತೆ ಕೂಡಿ ಚೆಂಡು ಪುಟಿಯುತ್ತದೆ. ರಣಜಿ ಪಂದ್ಯಗಳು ನಡೆಯುವ ಹುಬ್ಬಳ್ಳಿಯ ರಾಜನಗರದ ಕ್ರೀಡಾಂಗಣವಿರಲಿ, ಯಾವುದೇ ಊರಿನ ಅಂಗಳವಿರಲಿ, ನಡುವಿನ 22 ಗಜಕ್ಕೆ ಬೇಕಾದ ಮಣ್ಣು ಬೇರೆ, ಸುತ್ತಲಿನ ಹುಲ್ಲಿಗೆ ಬೇಕಾದ ಮಣ್ಣು ಬೇರೆ.

ಗರಡಿಯ ಜಾಣತನ

ಮಳೆಗೂ ಆಟಕ್ಕೂ ಇರುವ ತಂಟೆಯನ್ನು ಈ ನಾಡಿನಲ್ಲಿ ಎಲ್ಲರಿಗಿಂತ ಮೊದಲು ಬಗೆಹರಿಸಿದವರು ಕುಸ್ತಿಯವರು. ಗರಡಿಮನೆ ಎಂದರೆ ಮಣ್ಣಿನ ಕಣಕ್ಕೇ ಸೂರು. ದಪ್ಪ ಗೋಡೆ, ತಗ್ಗಿನ ಬಾಗಿಲು, ಒಳಗೆ ಜರಡಿ ಹಿಡಿದ ಕೆಮ್ಮಣ್ಣು. ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ಹದ ಮಾಡುತ್ತಾರೆ. ಪೈಲ್ವಾನರು ಸಲಿಕೆ ಹಿಡಿದು ಕಣವನ್ನು ಅಗೆದು ಮಗುಚುತ್ತಾರೆ. ಇದು ಮೈಗೆ ಕಸರತ್ತು ಹೌದು, ಮಣ್ಣಿಗೆ ಗಾಳಿಯಾಡಿಸುವ ಕೆಲಸವೂ ಹೌದು. ತೀರ ಒಣಗಿದರೆ ದೂಳೆದ್ದು ಕಣ್ಣಿಗೆ ಬೀಳುತ್ತದೆ, ತೀರ ಹಸಿಯಾದರೆ ಹಿಡಿತ ಜಾರುತ್ತದೆ. ನಡುವಿನ ಹದ ಕಾಯುವುದು ವಸ್ತಾದನ ಕಣ್ಣು.

ಬಯಲು ಕುಸ್ತಿಗಳು ಹೆಚ್ಚಾಗಿ ಸುಗ್ಗಿಯ ನಂತರದ ಜಾತ್ರೆಗಳಲ್ಲಿ. ಧಾರವಾಡದಲ್ಲಿ ಸರ್ಕಾರದ ವತಿಯಿಂದ ಕರ್ನಾಟಕ ಕುಸ್ತಿ ಹಬ್ಬ ನಡೆದದ್ದೂ 2020ರ ಫೆಬ್ರುವರಿಯಲ್ಲಿ. ಮಳೆಗಾಲದಲ್ಲಿ ತಾಲೀಮು ಒಳಗೆ, ಒಣ ದಿನಗಳಲ್ಲಿ ಪಂದ್ಯ ಹೊರಗೆ.

ಚಳಿಗಾಲದ ಇಬ್ಬನಿ

ಮಳೆ ಮುಗಿದರೂ ನೀರಿನ ಕಾಟ ಮುಗಿಯದು. ಡಿಸೆಂಬರ್, ಜನವರಿಯಲ್ಲಿ ಹಳ್ಳಿಗಳ ಬಯಲಿನಲ್ಲಿ ದೀಪ ಕಟ್ಟಿ ರಾತ್ರಿ ನಡೆಸುವ ಟೆನಿಸ್ ಚೆಂಡಿನ ಪಂದ್ಯಾವಳಿಗಳಲ್ಲಿ ಹುಲ್ಲು, ಚೆಂಡು ಎರಡೂ ಇಬ್ಬನಿಯಲ್ಲಿ ನೆನೆಯುತ್ತವೆ. ಆಕಾಶ ನಿರ್ಮಲವಾಗಿ, ಗಾಳಿ ನಿಂತ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ಗಾಳಿಯ ತೇವ ಹುಲ್ಲಿನ ಮೇಲೆ ಹನಿಗಟ್ಟುತ್ತದೆ. ಕಾಡು, ಕೆರೆ, ಗದ್ದೆ ಹತ್ತಿರವಿರುವ ಅಳ್ನಾವರ, ಕಲಘಟಗಿ ಕಡೆ ಇದು ಹೆಚ್ಚು. ಒದ್ದೆ ಚೆಂಡು ಬೌಲರನ ಬೆರಳಿಗೆ ನಿಲ್ಲದೆ, ತಿರುಗಿಸುವವರು ನಿರುಪಯೋಗಿಗಳಾಗುತ್ತಾರೆ. ಟಾಸ್ ಗೆದ್ದವರು ಮೊದಲು ಫೀಲ್ಡಿಂಗ್ ಮಾಡುವುದು ಬರೀ ದೊಡ್ಡ ಪಂದ್ಯಗಳನ್ನು ನೋಡಿ ಕಲಿತ ಚಾಳಿಯಲ್ಲ.

ಮೈದಾನ ಕಾಯುವ ಕೆಲಸ

ಶಾಲೆಯ ಬಯಲಿಗೆ ಸಬ್‌ಏರ್ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಮುಖ್ಯವಾದದ್ದು ಇಳಿಜಾರು. ಅಂಕಣದ ನಡು ಸ್ವಲ್ಪ ಎತ್ತರವಿದ್ದು ನಾಲ್ಕು ಕಡೆ ನೀರು ಹರಿಯುವಂತಿರಬೇಕು, ಸುತ್ತ ಕಾಲುವೆ ತೋಡಿ ಅದು ಹೊರಗೆ ಹೋಗುವ ದಾರಿ ತೆರೆದಿರಬೇಕು. ಕಾಂಪೌಂಡ್ ಗೋಡೆ ಕಟ್ಟುವಾಗ ಈ ದಾರಿ ಮುಚ್ಚಿಹೋಗಿ, ಮೊದಲು ಚೆನ್ನಾಗಿದ್ದ ಬಯಲು ಕೆರೆಯಾಗುವುದು ಬಹಳ ಕಡೆ ಕಾಣುವ ದೃಶ್ಯ.

ಎರೆಭೂಮಿಯಲ್ಲಿ ಅಂಕಣದ ಜಾಗವನ್ನಷ್ಟೇ ಅಗೆದು, ಕೆಳಗೆ ಕಡಿ, ಅದರ ಮೇಲೆ ಗರಸು, ಮೇಲೆ ಜರಡಿ ಹಿಡಿದ ಕೆಮ್ಮಣ್ಣು ಹಾಕುವುದು ಬಾಳಿಕೆಯ ಪರಿಹಾರ. ಮೈದಾನವಿಡೀ ಮಾಡುವ ಅಗತ್ಯವಿಲ್ಲ. ಒಂದು ಕಬಡ್ಡಿ ಅಂಕಣ 130 ಚದರ ಮೀಟರ್ ಮಾತ್ರ. ಬರೀ ಮೇಲೆ ಒಂದು ಟ್ರ್ಯಾಕ್ಟರ್ ಗರಸು ಸುರುವಿದರೆ ಎರಡು ಮಳೆಗೆ ಎರೆ ಅದನ್ನು ನುಂಗಿಬಿಡುತ್ತದೆ. ಮರಳು ಎಷ್ಟು ಬೆರೆಸಿದರೆ ಸಾಕು ಎಂಬುದರಲ್ಲೂ ತಪ್ಪುತ್ತಾರೆ. ಸ್ವಲ್ಪ ಮರಳು ಜೇಡಿಯೊಳಗೆ ಕಲಸಿ ಒಣಗಿದಾಗ ನೆಲ ಇನ್ನಷ್ಟು ಗಡಸಾಗುತ್ತದೆ, ನೀರಂತೂ ಇಳಿಯುವುದಿಲ್ಲ.

ಪಂದ್ಯದ ದಿನ ಮಳೆ ಬಂದರೆ ಮೊದಲು ನಿಂತ ನೀರನ್ನು ಗೋಣಿಚೀಲ, ಸ್ಪಂಜಿನಿಂದ ಎತ್ತಬೇಕು. ಪೊರಕೆಯಿಂದ ಹರಡಿದರೆ ಒಣ ಜಾಗವೂ ಒದ್ದೆಯಾಗುತ್ತದೆ. ಕಟ್ಟಿಗೆ ಅಡ್ಡೆಯಿಂದ ತಂದ ಹೊಟ್ಟು ಒಳ್ಳೆಯದು. ಬೌಲರನ ಹೆಜ್ಜೆ ಊರುವ ಕಡೆ ಹೊಟ್ಟು ಹಾಕಲು ಕ್ರಿಕೆಟ್ ನಿಯಮಗಳೇ ಅವಕಾಶ ಕೊಡುತ್ತವೆ. ಸೀಮೆಎಣ್ಣೆ, ಪೆಟ್ರೋಲ್ ಸುರಿದು ಬೆಂಕಿ ಹಚ್ಚುವುದು ಮಾತ್ರ ಬೇಡ. ಮೇಲಿನ ಅರ್ಧ ಅಂಗುಲ ಸುಟ್ಟು ಕರಿಯಾಗುತ್ತದೆ, ಕೆಳಗಿನ ತೇವ ಹಾಗೇ ಇರುತ್ತದೆ, ಹುಲ್ಲು ಸಾಯುತ್ತದೆ, ಹತ್ತಿರವಿದ್ದ ಮಕ್ಕಳಿಗೆ ಅಪಾಯ ಬೇರೆ.

ಹಸಿ ನೆಲಕ್ಕೆ ರೋಲರ್ ಎಳೆಯುವುದೂ ಹಾನಿಕರ. ಒತ್ತಡಕ್ಕೆ ಮಣ್ಣಿನ ಸಂದಿಗಳು ಮುಚ್ಚಿ, ಮುಂದಿನ ಮಳೆಯ ನೀರು ಇನ್ನಷ್ಟು ಹೊತ್ತು ನಿಲ್ಲುತ್ತದೆ. ಬಿತ್ತಲು ಭೂಮಿ ಹದಕ್ಕೆ ಬಂದಿದೆಯೇ ಎಂದು ರೈತ ನೋಡುವ ಪರೀಕ್ಷೆಯೇ ಇಲ್ಲಿಗೂ ಸಾಕು: ಒಂದು ಹಿಡಿ ಮಣ್ಣು ಹಿಸುಕಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಒತ್ತಬೇಕು. ಮೆತ್ತಗೆ ಚಪ್ಪಟೆಯಾದರೆ ಇನ್ನೂ ಕಾಯಬೇಕು, ಪುಡಿಪುಡಿಯಾಗಿ ಒಡೆದರೆ ರೋಲರ್ ಎಳೆಯಬಹುದು.

ದಿನಾಂಕ, ಜಾಗ ಮತ್ತು ಸಿಡಿಲು

ಕ್ರೀಡಾಕೂಟಗಳನ್ನು ಚಳಿಗಾಲಕ್ಕೆ ಮುಂದೂಡಬಾರದೇಕೆ ಎಂಬ ಪ್ರಶ್ನೆ ಸಹಜ. ವಲಯದಿಂದ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಹೀಗೆ ಹಂತ ಹತ್ತಿ ರಾಷ್ಟ್ರೀಯ ಶಾಲಾ ಕೂಟಗಳಿಗೆ ತಂಡ ಕಳಿಸಬೇಕಾದ್ದರಿಂದ ಕೆಳಗಿನ ಹಂತ ಮಳೆಗಾಲದಲ್ಲೇ ಮುಗಿಯಬೇಕಾಗುತ್ತದೆ. ಅತ್ತ ಮಾರ್ಚ್‌ನಲ್ಲಿ ಪರೀಕ್ಷೆ. ದಿನಾಂಕ ಸರಿಸಲು ಹೆಚ್ಚು ಎಡೆಯಿಲ್ಲ. ಜಾಗ ಆಯ್ದುಕೊಳ್ಳಲು ಇದೆ. ಎರೆ ತಾಲ್ಲೂಕುಗಳಲ್ಲಿ ಗರಸು ನೆಲದ ಮೈದಾನ ಹುಡುಕಬೇಕು ಮತ್ತು ಎರಡು ದಿನ ಮುಂಚೆ ಮಳೆಯಾದರೆ ಮುಂದೂಡಲು ಬದಲಿ ದಿನ ಇಟ್ಟುಕೊಂಡಿರಬೇಕು. ಅಳ್ನಾವರ, ಕಲಘಟಗಿಯಲ್ಲಿ ಬದಲಿ ದಿನದಿಂದ ಪ್ರಯೋಜನವಿಲ್ಲ, ಅಂದೂ ಮಳೆಯೇ. ಅಲ್ಲಿ ಬೇಕಾದದ್ದು ಒಂದು ಸೂರು, ತಗಡಿನದಾದರೂ ಸರಿ. ಸೂರಿಲ್ಲದೆ ಚಾಪೆ ಕೊಟ್ಟು ಉಪಯೋಗವಿಲ್ಲ. ಒದ್ದೆಯಾದ ಸಿಂಥೆಟಿಕ್ ಚಾಪೆ ರಾಡಿಗಿಂತ ಹೆಚ್ಚು ಜಾರುತ್ತದೆ, ಕೆಳಗೆ ನೀರು ಸೇರಿದರೆ ಕೀಲುಗಳು ಬಿಡುತ್ತವೆ.

ಎಲ್ಲ ಕಡೆಯೂ ಆಟ ನಿಲ್ಲಿಸಲೇಬೇಕಾದ ಸಂದರ್ಭ ಒಂದೇ, ಗುಡುಗು. ಜುಲೈನ ಜಿಟಿಜಿಟಿ ಮಳೆಯಲ್ಲಿ ಸಿಡಿಲು ಅಪರೂಪ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಮತ್ತು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗಿನ ಸಂಜೆ ಮಳೆಗಳಲ್ಲಿ ಹೆಚ್ಚು. ಗುಡುಗು ಕೇಳಿಸಿತೆಂದರೆ ಸಿಡಿಲು ತಲುಪುವಷ್ಟು ದೂರದಲ್ಲೇ ಮೋಡ ಇದೆ ಎಂದು ಅರ್ಥ. ಮಕ್ಕಳನ್ನು ಕಟ್ಟಡದೊಳಗೆ ಕಳಿಸಬೇಕು. ಮೈದಾನದಂಚಿನ ಬೇವು, ಹುಣಸೆ ಮರದಡಿಗಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲೆ ಮತ್ತೆ ಸೀಟಿ ಊದಬಹುದು.